ಪುಕ್ಕಲರ ಗುಂಡಿ

ನಮ್ಮ ಕಡೆ ಸುಂಟರಗಾಳಿ ಬಂದಾಗ ಅಡಗಿಕೊಳ್ಳುವ ನೆಲಮಾಳಿಗೆಗೆ ಪುಕ್ಕಲರ ಗುಂಡಿ ಅಂತಾರೆ. ಹಾಗಂದು ನಗುವ ಗಂಡಸರೇ ಸೈರನ್ ಕೂಗಿದ ತಕ್ಷಣ ಹೆಂಡತಿ ಮಕ್ಕಳನ್ನು ಪಕ್ಕಕ್ಕೆ ತಳ್ಳಿ ಮೊದಲು ಇಳಿಯೋದು, ಆ ಮಾತು ಬೇರೆ. ನನ್ನ ಮನೆ ಹಿತ್ತಲಿನ ಗುಂಡಿಯನ್ನು ನಮ್ಮಪ್ಪ ಗುಡ್ಡದ ಬುಡ ಕಡಿದು ಕಟ್ಟಿದ್ದ. ಕಾಂಕ್ರೀಟ್ ಗೋಡೆ, ಏಳು ಮೆಟ್ಟಿಲು, ಮೇಲೆ ಓರೆಯಾಗಿ ಮಲಗಿದ ಕಬ್ಬಿಣದ ಬಾಗಿಲು, ಉಸಿರಾಡೋಕೆ ಅಂತ ಚಾವಣಿಯಿಂದ ಹೊರಗೆ ಚಾಚಿದ ಒಂದು ಕೊಳವೆ. ಒಳಗೆ ಒಂದು ಬೆಂಚು, ಬಾಟಲಿಯಲ್ಲಿಟ್ಟ ಪೀಚ್ ಹಣ್ಣು, ಹವಾಮಾನ ಹೇಳುವ ಬ್ಯಾಟರಿ ರೇಡಿಯೋ. ಅಷ್ಟೇ.

ನನ್ನ ತಂಗಿ ವೆಲ್ಡಾ ಆ ಗುಂಡಿಗೆ ನಲವತ್ತೆಂಟು ವರ್ಷದಿಂದ ಕಾಲಿಟ್ಟಿರಲಿಲ್ಲ. ಅದಕ್ಕೆ ಕಾರಣ ನಾನೇ. ಅವಳಿಗೆ ಆಗ ಒಂಬತ್ತು, ನನಗೆ ಹದಿಮೂರು. ಒಳಗೆ ಕರೀ ಹಾವೊಂದು ಸುತ್ತಿಕೊಂಡು ಮಲಗಿದ್ದನ್ನು ನೋಡಿ ಬಂದಿದ್ದೆ. ಇಲಿ ಹಿಡಿಯುವ ಹಾವು, ವಿಷ ಇಲ್ಲ. "ಹೋಗಿ ಒಂದು ಬಾಟ್ಲಿ ಪೀಚ್ ತಗೊಂಡ್ ಬಾ, ಒಳಗೆ ಏನೂ ಇಲ್ಲ" ಅಂತ ಅವಳನ್ನು ಇಳಿಸಿ, ಬಾಗಿಲು ಮುಚ್ಚಿ, ಅದರ ಮೇಲೆ ಕೂತು ಸೇಬು ತಿಂದೆ. ಅವಳು ಕಿರುಚಿದ್ದು, ಕಬ್ಬಿಣ ಬಡಿದದ್ದು ನನ್ನ ತೊಡೆಗೆ ತಾಗುತ್ತಿತ್ತು. ಸದ್ದು ನಿಂತ ಮೇಲೆ ಭಯವಾಗಿ ತೆಗೆದೆ. ಲಂಗ ಒದ್ದೆ ಮಾಡಿಕೊಂಡು ನಿಂತಿದ್ದಳು. ಅಪ್ಪ ನನಗೆ ಬೆಲ್ಟಿನಲ್ಲಿ ಬಾರಿಸಿದ. ನಾಲ್ಕು ದಿನದಲ್ಲಿ ನನ್ನ ಬಾಸುಂಡೆ ಮಾಯಿತು.

ನಾನು ಒಡೆಸ್ಸಾ. ಊರಿಗೆಲ್ಲ ಡೆಸ್ಸಮ್ಮ. ಇಪ್ಪತ್ತೇಳು ವರ್ಷದಿಂದ ಪೋಕ್ ಬೆಂಡ್ ಊರಿನ ಶಾಲೆ ಬಸ್ಸು ಓಡಿಸ್ತಿದೀನಿ. ಅರ್ಕಾನ್ಸಾಸ್‌ನ ಈ ಮೂಲೆಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಬಸ್ಸಿನ ಬಾಗಿಲು ತೆರೆದು, ಕೆಂಪು ದೀಪ ಮಿನುಗಿ, 'ನಿಲ್ಲು' ಅನ್ನೋ ಹಲಗೆ ಪಕ್ಕಕ್ಕೆ ಚಾಚಿಕೊಂಡಿತು ಅಂದರೆ ಹಿಂದೆ ಮುಂದೆ ಒಂದು ಗಾಡಿಯೂ ಕದಲಬಾರದು, ಮಗು ರಸ್ತೆ ದಾಟುತ್ತಿರುತ್ತೆ. ದಾಟಿ ಆಚೆ ಹುಲ್ಲು ತುಳಿಯೋವರೆಗೂ ಅಧ್ಯಕ್ಷನೇ ಬರಲಿ, ನಿಲ್ಲಬೇಕು. ಒಂದು ಸಲ ಹೋಯ್ಟ್ ಅನ್ನೋವನು ನಿಲ್ಲದೆ ನುಗ್ಗಿದ. ನಾನು ಅವನ ನಂಬರ್ ಪೊಲೀಸರಿಗೆ ಬರೆದು ಕೊಟ್ಟೆ. ಮೂರು ವಾರ ಅವನ ಲೈಸೆನ್ಸ್ ಕಿತ್ತುಕೊಂಡರು. ನಮ್ಮೂರ ಅಗ್ನಿಶಾಮಕ ಲಾರಿ ಓಡಿಸುವವನು ಅವನೊಬ್ಬನೇ, ಆ ಮೂರು ವಾರ ದೇವರೇ ಊರು ಕಾಯ್ದ. ಅವತ್ತಿಂದ ಹೋಯ್ಟ್ ನನ್ನ ಜೊತೆ ಮಾತಿಲ್ಲ. ಆದರೆ ನನ್ನ ಬಸ್ಸಿನ ದೀಪ ಅರ್ಧ ಮೈಲಿ ದೂರದಲ್ಲಿ ಕಂಡರೂ ಬ್ರೇಕ್ ಒತ್ತುತ್ತಾನೆ.

ಗಾಳಿಯ ಕಾಟ ಬುಧವಾರ ಶುರುವಾಯಿತು. ಶಾಲೆ ಮಧ್ಯಾಹ್ನವೇ ಬಿಟ್ಟರು. ಮಕ್ಕಳನ್ನೆಲ್ಲ ಇಳಿಸಿ ಬಸ್ಸನ್ನು ಮನೆ ಹಿತ್ತಲಿಗೆ ತಂದು, ಗುಡ್ಡದ ಮರೆ ಇರಲಿ ಅಂತ ಬೆನ್ನನ್ನು ಗುಂಡಿಯ ಕಡೆ ಮಾಡಿ ನಿಲ್ಲಿಸಿದೆ. ವೆಲ್ಡಾ ರಸ್ತೆ ಆಚೆ ಟ್ರೈಲರ್ ಮನೆಯಲ್ಲಿ ಒಬ್ಬಳೇ ಇದ್ದಳು. ಅಂಥ ತಗಡಿನ ಮನೆಯೊಳಗೆ ಇದ್ದರೆ ಸಾವೇ, ಹೊರಗೆ ಬಂದು ಚರಂಡಿಯಲ್ಲಿ ಬೋರಲು ಮಲಗಬೇಕು ಅಂತ ನಮಗೆಲ್ಲ ಶಾಲೆಯಲ್ಲೇ ಹೇಳಿಕೊಡ್ತಾರೆ. ಇವಳು ಅದನ್ನೇ ಹಿಡಿದು ಕೂತವಳು. ಸೈರನ್ ಕೂಗಿದಾಗ ಸತ್ತ ಗಂಡನ ಹಳದಿ ಫುಟ್‌ಬಾಲ್ ಹೆಲ್ಮೆಟ್ ಹಾಕಿಕೊಂಡು ರಸ್ತೆ ಪಕ್ಕದ ಚರಂಡಿಯಲ್ಲಿ ಮಲಗಿದಳು. ನಾನು ಗುಂಡಿಯ ಬಾಗಿಲಲ್ಲಿ ನಿಂತು ಕೂಗಿದೆ.

"ಲೇ ಪುಕ್ಕಲಿ, ಪುಕ್ಕಲರ ಗುಂಡಿಗೂ ಹೆದರೋಳನ್ನ ನಿನ್ನೊಬ್ಬಳನ್ನೇ ಕಂಡಿದ್ದು."

"ನೀನು ಒಳಗಿದ್ರೆ ಅಲ್ಲಿ ಹಾವಿಗೂ ಜಾಗ ಇರಲ್ಲ ಬಿಡು" ಅಂದಳು ಚರಂಡಿಯಿಂದ.

ಅವತ್ತು ಗಾಳಿ ಅರ್ಧ ಮೈಲಿ ಆಚೆ ಹೋಯಿತು. ಕೋಳಿ ಫಾರಂ ಇದ್ದ ಜಾಗದಲ್ಲಿ ಬರೀ ಕಾಂಕ್ರೀಟ್ ನೆಲ ಉಳಿಯಿತು. ಇಪ್ಪತ್ತು ಸಾವಿರ ಕೋಳಿ ಬೇಲಿಗಳಲ್ಲಿ, ಮರಗಳಲ್ಲಿ, ಪುಕ್ಕ ಕಿತ್ತ ಹಾಗೆ ಬೆತ್ತಲೆಯಾಗಿ ನೇತಾಡುತ್ತಿದ್ದವು, ಕೆಲವು ಇನ್ನೂ ಜೀವಂತ. ಫಾರಂ ಯಜಮಾನ ಕಾಲುಮೈಲಿ ದೂರದ ಗದ್ದೆಯಲ್ಲಿ ಸಿಕ್ಕ. ಬೂಟು ಕಾಲಲ್ಲೇ ಇತ್ತು, ಉಳಿದ ಬಟ್ಟೆ ಒಂದೂ ಇರಲಿಲ್ಲ. ಅವನ ಎದೆಯಲ್ಲಿ ಹೊಕ್ಕ ಮರದ ಪಟ್ಟಿಯನ್ನು ಎಳೆಯಲಾಗದೆ ಹಾಗೇ ಕಂಬಳಿ ಹೊದಿಸಿದರು.

ಗುರುವಾರ ಆಲಿಕಲ್ಲು, ಆಮೇಲೆ ಮಳೆ. ಒಂದೇ ದಿನಕ್ಕೆ ಎಂಟು ಅಂಗುಲ. ಹಳ್ಳ ಅರ್ಧ ಗಂಟೆಯಲ್ಲಿ ಮೈದುಂಬಿ ತಗ್ಗಿನ ಸೇತುವೆಯನ್ನು ಎತ್ತಿಕೊಂಡು ಹೋಯಿತು, ಅದರ ಮೇಲೆ ಆಗಷ್ಟೇ ಬಂದ ಪಿಕಪ್ ಗಾಡಿಯನ್ನೂ. ಗಾಡಿಯೊಳಗಿನ ಹೆಂಗಸು ಕಿಟಕಿ ಗಾಜಿಗೆ ಎರಡೂ ಅಂಗೈ ಒತ್ತಿದ್ದನ್ನು ನಾನೂ ವೆಲ್ಡಾನೂ ದಡದಲ್ಲಿ ನಿಂತು ನೋಡಿದೆವು. ಏನೂ ಮಾಡಲಾಗಲಿಲ್ಲ. ವೆಲ್ಡಾ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಿದ್ದಳು, ನಾನು ಅವಳ ಜಡೆ ಹಿಡಿದು ಎಳೆದೆ. ಅವಳು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಮತ್ತೆ ಸೈರನ್. ಚರಂಡಿ ಈಗ ಚರಂಡಿಯಾಗಿರಲಿಲ್ಲ, ಸೊಂಟದುದ್ದ ಕೆಂಪು ನೀರು ಮರದ ದಿಮ್ಮಿ ಹೊತ್ತು ಓಡುತ್ತಿತ್ತು. ಗಾಳಿ ಕೆಳಗೆ ಹೋಗು ಅಂತಿದೆ, ನೀರು ಮೇಲೆ ಹೋಗು ಅಂತಿದೆ. ವೆಲ್ಡಾಳಿಗೆ ಬೇರೆ ದಾರಿ ಇರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹಿತ್ತಲಿಗೆ ಬಂದಳು. ನಾನು ಬಾಗಿಲು ಎತ್ತಿ ಹಿಡಿದಿದ್ದೆ. ಬಂದಳು, ಒಂದು ಕಾಲು ಮೊದಲ ಮೆಟ್ಟಿಲ ಮೇಲೆ ಇಟ್ಟಳು. ಅಲ್ಲೇ ನಿಂತಳು. ಕೈ ಚಾಚಿದ್ದರೆ ಸಾಕಿತ್ತು. "ಬಾರೇ" ಅಂದಿದ್ದರೆ ಸಾಕಿತ್ತು. ಆದರೆ ನನ್ನ ನಾಲಿಗೆಗೆ ಎಲುಬಿಲ್ಲ.

"ಬಾ ಬಾ, ನಲವತ್ತೆಂಟು ವರ್ಷದಿಂದ ನಿನ್ನ ಹಾವು ಕಾಯ್ತಾ ಕೂತಿದೆ" ಅಂದೆ.

ನಗಿಸೋಕೆ ಅಂತಲೇ ಅಂದಿದ್ದು. ಅವಳು ನನ್ನ ಮುಖ ನೋಡಿದಳು. ಕಾಲು ಹಿಂದಕ್ಕೆ ತೆಗೆದುಕೊಂಡಳು. "ನೀನು ಬದಲಾಗಲ್ಲ ಅಕ್ಕ" ಅಂತ ತಿರುಗಿ ಮಳೆಯಲ್ಲಿ ನಡೆದೇಬಿಟ್ಟಳು. ಹೋಗಲಿ, ನೆನೆದ ಮೇಲೆ ಬುದ್ಧಿ ಬರುತ್ತೆ ಅಂತ ನಾನು ಬಾಗಿಲು ಮುಚ್ಚಿಕೊಂಡೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ನಿಮಿಷಕ್ಕೆ ಕಿವಿ ಕಟ್ಟಿತು. ಆಮೇಲೆ ಸದ್ದು. ನೆಲವೇ ಹಲ್ಲು ಕಡಿದ ಹಾಗೆ. ಮೇಲೆ ನನ್ನ ಮನೆ ಮೊಳೆ ಮೊಳೆಯಾಗಿ ಕಿತ್ತು ಹೋಗೋದು ಕೇಳಿಸಿತು, ಅಡುಗೆಮನೆ ಪಾತ್ರೆ, ಗಾಜು, ನೀರಿನ ಕೊಳಾಯಿ, ಒಂದೊಂದಕ್ಕೂ ಬೇರೆ ಬೇರೆ ಕೂಗು. ಬಾಗಿಲು ಬಡಿದುಕೊಂಡಿತು, ಅದರ ಹಿಡಿಗೆ ಜೋತುಬಿದ್ದೆ, ಭುಜದ ಕೀಲು ಕಳಚಿತು. ಕೊನೆಗೆ ದೊಡ್ಡದೇನೋ ಬಾಗಿಲ ಮೇಲೆ ಬಿದ್ದು ಕತ್ತಲಾಯಿತು. ಎಲ್ಲ ಒಂದು ನಿಮಿಷವೂ ಇಲ್ಲ.

ಒಂದೇ ಕೈಯಲ್ಲಿ ಬಾಗಿಲು ತಳ್ಳಿದೆ. ಕದಲಲಿಲ್ಲ. ಹೆಗಲು ಕೊಟ್ಟೆ, ತಲೆ ಕೊಟ್ಟೆ. ಆಗ ಪಾದ ತಣ್ಣಗಾಯಿತು. ಟಾರ್ಚ್ ಹಾಕಿ ನೋಡಿದರೆ ಗೋಡೆಯ ಬಿರುಕಿನಿಂದ ನೀರು. ಹಳ್ಳ ದಾರಿ ತಪ್ಪಿ ಗುಡ್ಡದ ಬುಡಕ್ಕೆ ಬಂದಿತ್ತು.

"ವೆಲ್ಡಾ" ಅಂತ ಕೊಳವೆಗೆ ಬಾಯಿಟ್ಟು ಕೂಗಿದೆ. ಎಷ್ಟು ಸಲ ಕೂಗಿದೆನೋ. ನೀರು ಮೊಣಕಾಲಿಗೆ ಬಂದಾಗ ಮೇಲಿಂದ ಉತ್ತರ ಬಂತು.

"ಬದುಕಿದೀಯಾ?"

"ಸತ್ತೋರು ಹೀಗೆ ಕೂಗ್ತಾರೇನೇ? ಎಲ್ಲಿದ್ದೆ?"

"ಬಾವಿಮನೇಲಿ." ಹಿತ್ತಲ ಮೂಲೆಯಲ್ಲಿ ಬಾವಿ ಪಂಪಿಗೆ ಅಂತ ಕಟ್ಟಿದ ನಾಲ್ಕಡಿ ಕಾಂಕ್ರೀಟ್ ಗೂಡು ಅದು. "ಮುದುರಿಕೊಂಡು ಕೂತಿದ್ದೆ. ಅಕ್ಕ, ನಿನ್ನ ಮನೆ ಇಲ್ಲ. ನಂದೂ ಇಲ್ಲ. ಓಕ್ ಮರ ಬುಡಸಮೇತ ನಿನ್ನ ಬಾಗಿಲ ಮೇಲೆ ಮಲಗಿದೆ. ಬಸ್ಸು ಮಾತ್ರ ನಿಂತಿದೆ, ಕಿಟಕಿ ಒಂದೂ ಇಲ್ಲ."

"ನೀರು ಬರ್ತಿದೆ ಕಣೇ. ಫೋನ್ ಮಾಡು."

"ಫೋನ್ ಸತ್ತಿದೆ. ಎಷ್ಟು ನೀರು?"

"ತೊಡೆಗೆ ಬಂತು."

ಮೇಲೆ ಕೊಂಬೆ ಎಳೆಯುವ ಸದ್ದು, ಏದುಸಿರು. ಆ ಮರವನ್ನು ಎತ್ತಲು ಹತ್ತು ಆಳೂ ಸಾಲರು. ನಾನು ಹೇಳಿದೆ, ಬಸ್ಸಿನ ಹಿಂದಿನ ಸೀಟಿನ ಕೆಳಗೆ ದಿಮ್ಮಿ ಎಳೆಯೋ ಸರಪಳಿ ಇದೆ, ಒಂದು ತುದಿ ಮರಕ್ಕೆ ಸುತ್ತು, ಇನ್ನೊಂದು ಬಸ್ಸಿನ ಹಿಂದಿನ ಕೊಕ್ಕೆಗೆ ಹಾಕು, ಬಸ್ಸು ಮುಂದಕ್ಕೆ ಓಡಿಸು.

"ನಾನಾ? ಚರ್ಚ್ ಗೋಡೆಗೆ ಕಾರ್ ಗುದ್ದಿದವಳು ಗಾಡಿ ಮುಟ್ಟಬಾರದು ಅಂತ ನೀನೇ ಊರೆಲ್ಲ ಹೇಳಿದ್ಯಲ್ಲ."

"ಇಲ್ಲಿ ಗುದ್ದೋಕೆ ಗೋಡೆಯೇ ಉಳಿದಿಲ್ಲ, ಹೋಗೇ."

ನಕ್ಕಳು. ಆ ನಗು ಕೊಳವೆಯಿಂದ ಇಳಿದು ಬಂದಾಗ ನನಗೆ ಜೀವ ಬಂತು. ಅವಳು ಸರಪಳಿ ಸುತ್ತಿ ಬರೋ ಹೊತ್ತಿಗೆ ನೀರು ಎದೆಗೆ ಬಂದಿತ್ತು. ಬೆಂಚಿನ ಮೇಲೆ ಹತ್ತಿ ನಿಂತೆ. ಪೀಚ್ ತಿಂದು ಮುಚ್ಚಿಟ್ಟ ಖಾಲಿ ಬಾಟಲಿಗಳು ತೇಲಿ ನನ್ನ ಪಕ್ಕೆಗೆ ಬಡಿಯುತ್ತಿದ್ದವು. ಅವುಗಳ ನಡುವೆ ಇನ್ನೇನೋ ಬೆರಳು ದಪ್ಪದ್ದು ಕತ್ತಿನ ಹತ್ತಿರ ಸರಿಯಿತು.

"ವೆಲ್ಡಾ, ನಿಜವಾಗ್ಲೂ ಹಾವು ಬಂತು ಕಣೇ."

"ಒಳ್ಳೇದಾಯ್ತು. ಬಾಗಿಲ ಮೇಲೆ ಕೂತು ಸೇಬು ತಿನ್ಲಾ?"

"ತಿನ್ನು. ಮೊದಲು ಬಸ್ ಶುರು ಮಾಡು. ಕೀಲಿ ಅಲ್ಲೇ ಇದೆ. ಗಾಳಿ ಬ್ರೇಕು, ಗಾಳಿ ತುಂಬೋವರೆಗೂ ಅದು ಕದಲಲ್ಲ. ಬಜರ್ ಕೂಗ್ತಿರುತ್ತೆ. ಮುಳ್ಳು ನೂರು ದಾಟಿದ ಮೇಲೆ ಹಳದಿ ಗುಬಟು ಒಳಕ್ಕೆ ಒತ್ತು. ಹಳದಿದು, ನೆನಪಿಟ್ಕೋ."

ಎಂಜಿನ್ ಶುರುವಾದದ್ದು ನೆಲದಲ್ಲೇ ನನಗೆ ತಾಗಿತು. ಬಜರ್ ಕೂಗತೊಡಗಿತು. ಅವಳು ಮತ್ತೆ ಕೊಳವೆ ಹತ್ತಿರ ಓಡಿ ಬಂದಳು.

"ಏನೋ ತಪ್ಪು ಒತ್ತಿಬಿಟ್ಟೆ ಅಕ್ಕ. ಕೆಂಪು ದೀಪ ಹತ್ತಿಕೊಂಡು ಪಕ್ಕದ ಹಲಗೆ ಚಾಚಿಕೊಂಡುಬಿಡ್ತು."

"ಬಾಗಿಲು ಮುಚ್ಚು, ಹೋಗುತ್ತೆ."

"ಮುಚ್ಚಿದ್ರೆ ನಿನ್ನ ಕೂಗು ಕೇಳಿಸಲ್ಲ. ತೆರೆದೇ ಇಟ್ಕೊತೀನಿ."

ಅಷ್ಟರಲ್ಲಿ ನನ್ನ ತಲೆ ಮೇಲೆ ಗೋಡೆ ಗೂಡಿನಲ್ಲಿದ್ದ ರೇಡಿಯೋ ತಾನಾಗಿ ಕಿರುಗುಟ್ಟಿತು. ಹವಾಮಾನ ಹೇಳುವವನ ದನಿಗೆ ಏಳುಬೀಳಿಲ್ಲ. ಮತ್ತೊಂದು ಸುಂಟರಗಾಳಿ ನೆಲ ಮುಟ್ಟಿದೆ, ಹಳ್ಳದ ಜಾಡಿನಲ್ಲೇ ಬರುತ್ತಿದೆ, ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಪೋಕ್ ಬೆಂಡ್, ಈ ಕ್ಷಣವೇ ಅಡಗಿಕೊಳ್ಳಿ. ನನ್ನ ಗಡಿಯಾರದಲ್ಲಿ ನಾಲ್ಕು ಹದಿಮೂರು. ಬಸ್ಸಿಗೆ ಗಾಳಿ ತುಂಬೋಕೆ ಐದು ನಿಮಿಷ ಬೇಕು. ಬಸ್ಸಿನ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತೆ.

"ರೇಡಿಯೋ ಅಲ್ವಾ ಅದು? ಏನಂತಿದೆ?" ಎಂಜಿನ್ ಸದ್ದಿನಲ್ಲಿ ಅವಳಿಗೆ ಮಾತು ತಿಳಿದಿರಲಿಲ್ಲ. ಊರ ಸೈರನ್ ಮೊದಲ ಗಾಳಿಗೇ ಕಂಬಸಮೇತ ಹೋಗಿತ್ತು.

ನೀರು ಗಲ್ಲದಲ್ಲಿತ್ತು. ಕತ್ತು ಮೇಲೆತ್ತಿ, ಬಾಯನ್ನು ಕೊಳವೆಗೆ ಹಚ್ಚಿ ನಿಂತಿದ್ದೆ. ಓಡು, ಬಾವಿಮನೆಗೆ ಓಡು ಅನ್ನಬೇಕಿತ್ತು. ಬಾಯಿ ತೆರೆದೆ.

"ಹೋಯ್ತಂತೆ. ಎಲ್ಲ ಮುಗೀತಂತೆ" ಅಂದೆ.

"ನಿಜವಾಗ್ಲೂ?"

"ನಾನ್ಯಾವತ್ತೇ ನಿಂಗೆ ಸುಳ್ಳು ಹೇಳಿದ್ದು?"

"ಒಳಗೆ ಏನೂ ಇಲ್ಲ ಅಂದಿದ್ದೆ" ಅಂದಳು. ನಗುತ್ತಲೇ ಅಂದಳು. ಆಮೇಲೆ ಅವಳ ಹೆಜ್ಜೆ ಬಸ್ಸಿನ ಕಡೆ ಓಡಿತು.

ಆ ಐದು ನಿಮಿಷ ನಾನು ದೇವರನ್ನು ಕೇಳಿಕೊಳ್ಳಲಿಲ್ಲ. ಬಜರ್ ಯಾವಾಗ ನಿಲ್ಲುತ್ತೆ ಅಂತ ಮಾತ್ರ ಕೇಳುತ್ತಿದ್ದೆ. ನಿಂತಿತು. ಬ್ರೇಕು ಬುಸ್ ಅಂದಿತು. ಸರಪಳಿ ಬಿಗಿಯಿತು, ಮರ ಬಾಗಿಲ ಮೇಲೆ ಕಿರ್ರಂತ ಕೆರೆಯಿತು, ಮಣ್ಣು ನನ್ನ ಕಣ್ಣಿಗೆ ಉದುರಿತು. ಚಕ್ರ ಕೆಸರಲ್ಲಿ ಸುತ್ತಿತು, ನಿಂತಿತು, ಮತ್ತೆ ಹಿಡಿಯಿತು. ತಲೆ ಮೇಲೆ ಬೆಳಕಿನ ಗೆರೆ ಬಿತ್ತು. ಬೆಂಚಿನಿಂದ ಮೆಟ್ಟಿಲಿಗೆ ಈಜಿ, ಇದ್ದ ಒಂದು ಕೈಯಿಂದ ಬಾಗಿಲು ಎತ್ತಿ ತಲೆ ಹೊರಗೆ ಹಾಕಿದೆ.

ಬಸ್ಸು ಮರವನ್ನು ಎಳೆದುಕೊಂಡು, ಮನೆ ಇದ್ದ ಜಾಗ ದಾಟಿ ರಸ್ತೆ ಅಂಚು ಮುಟ್ಟಿ ನಿಂತಿತ್ತು. ವೆಲ್ಡಾ ತೆರೆದ ಬಾಗಿಲಲ್ಲಿ ನಿಂತು ಹಿಂದೆ ತಿರುಗಿ ನೋಡುತ್ತಿದ್ದಳು, ಹಳದಿ ಹೆಲ್ಮೆಟ್, ಮುಖವೆಲ್ಲ ಕೆಸರು. ನನ್ನ ತಲೆ ಕಂಡ ಕೂಡಲೇ ಎರಡೂ ಕೈ ಎತ್ತಿದಳು. ಓಡಿಸಿದೆ ನೋಡು ಅನ್ನೋ ಹಾಗೆ. ಅವಳ ಬೆನ್ನ ಹಿಂದೆ ಆಕಾಶ ಇರಲಿಲ್ಲ. ಕಪ್ಪು ಗೋಡೆಯೊಂದು ಹಳ್ಳದಗಲಕ್ಕೆ ನಡೆದು ಬರುತ್ತಿತ್ತು, ಅದರೊಳಗೆ ಮರಗಳು ತಿರುಗುತ್ತಿದ್ದವು.

"ಇಳಿ, ಇಳೀ, ಮಲಕ್ಕೋ" ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಎಂಜಿನ್ ಸದ್ದಲ್ಲಿ ಅವಳಿಗೆ ನನ್ನ ಬಾಯಿ ಕಂಡಿತು, ಮಾತು ಕೇಳಲಿಲ್ಲ. ನಾನು ಬೈತಿದೀನಿ ಅಂದುಕೊಂಡಳು. ಇನ್ನೇನು ಅಂದುಕೊಳ್ಳಬೇಕು, ಹುಟ್ಟಿದಾಗಿನಿಂದ ಬೈದಿದ್ದೆನಲ್ಲ. ಬೈಕೋ ಬೈಕೋ ಅಂತ ಕೈ ಬೀಸಿ ನಕ್ಕು ಸೀಟಿಗೆ ವಾಪಸ್ ಹೋದಳು.

ನಾನು ಬಾಗಿಲು ಎಳೆದುಕೊಂಡೆ. ಹೌದು, ಎಳೆದುಕೊಂಡೆ. ಮೆಟ್ಟಿಲ ಮೇಲೆ ನೀರಲ್ಲಿ ಮುದುರಿ ಕೂತೆ, ಮೇಲೆ ಮತ್ತೆ ಅದೇ ಹಲ್ಲು ಕಡಿಯೋ ಸದ್ದು, ಅದರ ನಡುವೆ ಕಬ್ಬಿಣ ಹರಿಯುವ ಒಂದು ಉದ್ದನೆ ಕೂಗು. ಅದು ಬಸ್ಸು. ಇಪ್ಪತ್ತೇಳು ವರ್ಷ ಓಡಿಸಿದವಳಿಗೆ ಆ ಬಸ್ಸಿನ ದನಿ ಗೊತ್ತಾಗದೆ ಇರುತ್ತಾ.

ಹೊರಗೆ ಬಂದಾಗ ಮಳೆ ನೆಟ್ಟಗೆ ಸುರಿಯುತ್ತಿತ್ತು. ಬಸ್ಸು ರಸ್ತೆಯ ನಡುವೆ ಪಕ್ಕಕ್ಕೆ ಮಲಗಿತ್ತು, ಓಕ್ ಮರ ಇನ್ನೂ ಸರಪಳಿಯಲ್ಲಿ. ಚಾವಣಿ ಡ್ರೈವರ್ ಸೀಟಿನವರೆಗೂ ಮಡಚಿಕೊಂಡಿತ್ತು. ಬಾಗಿಲು ಆಕಾಶದ ಕಡೆ ಬಾಯಿ ತೆರೆದಿತ್ತು. ಮೊಣಕೈ ಊರಿ ಹತ್ತಿ ಒಳಗೆ ನೋಡಿದೆ. ಸ್ಟಿಯರಿಂಗ್ ಚಕ್ರ ಅವಳ ಎದೆಯೊಳಗೆ ಹೋಗಿತ್ತು. ಹೆಲ್ಮೆಟ್ ಒಂದು ಗೀರೂ ಇಲ್ಲದೆ ತಲೆಯ ಮೇಲೇ ಇತ್ತು. ಕಣ್ಣು ತೆರೆದಿದ್ದವು. ನಾನು ಹೆಸರು ಹಿಡಿದು ಕರೆದೆ, ಪುಕ್ಕಲಿ ಅಂತಲೂ ಕರೆದೆ. ಸಿಟ್ಟಿಗಾದರೂ ಏಳಲಿ ಅಂತ.

ಎಷ್ಟು ಹೊತ್ತು ರಸ್ತೆ ಮೇಲೆ ಕೂತಿದ್ದೆನೋ. ತಲೆ ಎತ್ತಿದಾಗ ಅಗ್ನಿಶಾಮಕ ಲಾರಿ ಕಂಡಿತು. ಇಪ್ಪತ್ತು ಗಜ ದೂರದಲ್ಲಿ ನಿಂತಿತ್ತು. ಪಕ್ಕದಲ್ಲಿ ಗದ್ದೆಗೆ ಇಳಿದು ದಾಟಿ ಹೋಗಬಹುದಿತ್ತು, ಮುಂದೆ ಊರೆಲ್ಲ ಕುಸಿದು ಬಿದ್ದಿತ್ತು, ಆದರೂ ನಿಂತಿತ್ತು. ಮುರಿದ ಬಸ್ಸಿನ ಕೆಂಪು ದೀಪ ಎರಡೂ ಮಳೆಯಲ್ಲಿ ಮಿನುಗುತ್ತಿದ್ದವು. 'ನಿಲ್ಲು' ಅನ್ನೋ ಹಲಗೆ ಮುರಿದು ನೆಲಕ್ಕೆ ಒರಗಿತ್ತು. ಸ್ಟಿಯರಿಂಗ್ ಹಿಡಿದ ಹೋಯ್ಟ್ ದೀಪವನ್ನೇ ನೋಡುತ್ತಾ ಕೂತಿದ್ದ. ತಾನು ಯಾಕೆ ನಿಂತೆ ಅಂತ ಅವನಿಗೂ ಆಮೇಲೆಯೇ ಹೊಳೆದಿರಬೇಕು. ಇಳಿದು ಓಡಿ ಬಂದ, ಬಸ್ಸಿನೊಳಗೆ ನೋಡಿದ, ಟೋಪಿ ತೆಗೆದ.

"ಎರಡನೇದು ಬರ್ತಿದೆ ಅಂತ ಪಾಪ ಗೊತ್ತೇ ಇರ್ಲಿಲ್ಲ ಅನ್ಸುತ್ತೆ, ಡೆಸ್ಸಮ್ಮ."

"ನನಗೆ ಗೊತ್ತಿತ್ತು" ಅಂದೆ. "ರೇಡಿಯೋದಲ್ಲಿ ಕೇಳಿದ್ದೆ. ಮುಗೀತು ಅಂತ ಅವಳಿಗೆ ಸುಳ್ಳು ಹೇಳಿದೆ. ನಾನು ಬದುಕ್ಕೋಬೇಕು ಅಂತ."

ಅವನು ಕಂಬಳಿ ತಂದು ಹೊದಿಸಿದ. "ನಿಮಗೆ ತುಂಬಾ ಪೆಟ್ಟಾಗಿದೆ. ಈಗ ಏನೂ ಮಾತಾಡ್ಬೇಡಿ" ಅಂದ. ಪಾದ್ರಿಗೂ ಹೇಳಿದೀನಿ, ಊರಿಗೂ ಹೇಳಿದೀನಿ. ಎಲ್ಲರೂ ನನ್ನ ಕೈ ಸವರಿ, ದುಃಖದಲ್ಲಿ ಹಾಗನ್ನಿಸುತ್ತೆ ಅಂತಾರೆ. ನನ್ನ ಬಾಯಿಗೆ ಹೆದರುತ್ತಿದ್ದ ಊರು ಈ ಒಂದು ಮಾತನ್ನು ಮಾತ್ರ ನಂಬಲಿಲ್ಲ. ನೀರು ಇಳಿದ ಮೇಲೆ ನಾನು ಗುಂಡಿಗೆ ಇಳಿದು ಬೆಂಚಿನ ಮೇಲೆ ನಿಂತು ನೋಡಿದೆ. ಕೆಸರಿನ ಗೆರೆ ನನ್ನ ಮೇಲ್ದುಟಿಯವರೆಗೆ ಬಂದು ನಿಂತಿತ್ತು. ಕತ್ತೆತ್ತಿ ಕೊಳವೆಗೆ ಬಾಯಿಟ್ಟುಕೊಂಡು ನಿಂತಿದ್ದರೆ ಉಸಿರಿಗೆ ತೊಂದರೆ ಇರಲಿಲ್ಲ. ಬಾವಿಮನೆ ಇವತ್ತಿಗೂ ಹಾಗೇ ಇದೆ, ಒಂದು ಚಕ್ಕೆ ಎದ್ದಿಲ್ಲ.

ಅವತ್ತು ಅವಳನ್ನು ಹೊರತೆಗೆಯೋಕೆ ಕಬ್ಬಿಣ ಕತ್ತರಿಸಬೇಕಾಯಿತು, ಹೊತ್ತು ಹಿಡಿಯಿತು. ಅಷ್ಟರಲ್ಲಿ ಹುಡುಕೋಕೆ ಹೊರಟವರು, ಮನೆ ಕಳೆದುಕೊಂಡವರು, ಗಾಯವಾದವರನ್ನು ಹೊತ್ತ ಪಿಕಪ್ಪುಗಳು ಆ ರಸ್ತೆಗೇ ಬಂದವು. ಒಬ್ಬೊಬ್ಬರೂ ದೀಪ ನೋಡಿ ಒಬ್ಬರ ಹಿಂದೆ ಒಬ್ಬರು ನಿಂತರು. ಯಾರೂ ಹಾರ್ನ್ ಹೊಡೆಯಲಿಲ್ಲ. ಗಾಯಾಳುಗಳನ್ನು ಬಿಡೋಣ ಅಂತ ಹೋಯ್ಟ್ ನನ್ನ ಹತ್ತಿರ ಬಂದು ಬಗ್ಗಿದ.

"ದೀಪ ಆರಿಸ್ಬಿಡ್ಲಾ ಡೆಸ್ಸಮ್ಮ? ಅದು ಮಿನುಗ್ತಾ ಇರೋವರೆಗೂ ಇವರು ಕದಲಲ್ಲ."

ಆಸ್ಪತ್ರೆಗೆ ಹೋಗೋ ಗಾಡಿಗಳನ್ನು ಕೈ ಬೀಸಿ ಗದ್ದೆಯ ಮೇಲಿಂದ ಕಳಿಸು ಅಂದೆ. ಉಳಿದವರು ಕಾಯಲಿ. ಅವಳ ಮನೆ ಇದ್ದದ್ದು ರಸ್ತೆಯ ಆಚೆ ಕಡೆ.

"ದೀಪ ಮುಟ್ಟಬೇಡ" ಅಂದೆ. "ಅವಳಿನ್ನೂ ರಸ್ತೆ ದಾಟಿಲ್ಲ."